ಹಿತ್ತಾಳೆ ತಿರುಪು
ಒಂಬತ್ತನೆಯ ಕಂತು

“ಎಲ್ಲಾ ಪಾರ್ಟೂ ಇದಕ್ಕೇ ಬಂದು ಅಂಟ್ಕೊಳ್ಳತ್ತೆ. ಯಾರಿಗೆ ಏನು ಬೇಕು, ಯಾರು ಯಾರ ಜೊತೆ ಮಾತಾಡಬೇಕು, ಎಲ್ಲಾ ಇದೇ ನೋಡ್ಕೊಳ್ಳತ್ತೆ. ಇದಕ್ಕೆ ಮದರ್‌ಬೋರ್ಡ್ ಅಂತ ಯಾಕನ್ನಬೇಕು? ನಮ್ಮನೇಲಂತೂ ಅತ್ತೆಬೋರ್ಡ್ ಅಂತಲೇ ಕರೆಯೋಣ.”

ಗುಬ್ಬಿ ಹಾಗಂದದ್ದೇ ತಡ, ಕೌಂಟರಿನ ಹಿಂದಿದ್ದ ಪಾರ್ಟ್ಸ್ ಮಾಮ ಹೊಟ್ಟೆ ಕುಣಿಸಿಕೊಂಡು ನಕ್ಕ. ಪಕ್ಕದಲ್ಲಿದ್ದ ಅವಳಪ್ಪನೂ ನಕ್ಕ. ಗುಬ್ಬಿಯ ಅತ್ತೆ ಇನ್‌ಸ್ಪೆಕ್ಟರಮ್ಮ ಮಾತ್ರ ನಗಲಿಲ್ಲ.

ಪೊಲೀಸ್ ಕೆಲಸ ಬಿಟ್ಟು ಎರಡು ವರ್ಷವಾಗಿದ್ದರೂ ಬೀದಿಯವರ ಬಾಯಲ್ಲಿ ಅವಳು ಇನ್ನೂ ಇನ್‌ಸ್ಪೆಕ್ಟರಮ್ಮನೇ. ಮದುವೆ ಮಾಡಿಕೊಳ್ಳಲಿಲ್ಲ. ಅತ್ತಿಗೆ ತೀರಿಕೊಂಡಾಗ ಗುಬ್ಬಿಗೆ ಇನ್ನೂ ತೊದಲು ಮಾತು. ಅಣ್ಣನ ಎರಡು ಮಕ್ಕಳೂ ಅವಳ ಮಡಿಲಿಗೆ ಬಂದವು. ಒಬ್ಬಳು ಈಗ ಎತ್ತರದ ಸ್ಟೂಲಿನ ಮೇಲೆ ಕೂತು ಕಾಲಾಡಿಸುತ್ತಿದ್ದಾಳೆ. ಕಟ್ಟಡ ವಿನ್ಯಾಸದ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಇನ್ನೊಬ್ಬ, ಗುಬ್ಬಿಯ ಅಣ್ಣ, ತಾನೇ ಜೋಡಿಸಿಕೊಂಡಿದ್ದ ಕಂಪ್ಯೂಟರನ್ನು ಹೊದಿಕೆಯಲ್ಲಿ ಸುತ್ತಿಕೊಂಡು ನಾಲ್ಕು ವರ್ಷದ ಹಿಂದೆ ಮನೆ ಬಿಟ್ಟವನು, ಇವತ್ತಿಗೂ ಪತ್ತೆಯಿಲ್ಲ.

ಚಿಕ್ಕಂದಿನಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿಡುತ್ತಿದ್ದವನು. ಅದಕ್ಕೇ ಮನೆಯಲ್ಲಿ ಅವನಿಗೆ ಬಿಚ್ಚಣ್ಣ ಅಂತಲೇ ಹೆಸರು. ಇಂಥ ದಿನ ಅವನಿರಬೇಕಿತ್ತು. ತಂಗಿಯನ್ನು ಆ ಸ್ಟೂಲಿನಿಂದ ಇಳಿಸಿ, ತಾನು ಕೂತು, ಪಾರ್ಟ್ಸ್ ಮಾಮನ ಜೊತೆ ಸಾಯಂಕಾಲದವರೆಗೆ ವಾದ ಮಾಡುತ್ತಿದ್ದ.

“ಅಮ್ಮಾ, ಮನೆಗಳ ನಕ್ಷೆ ಬಿಡಿಸೋದು, ಅದನ್ನ ಸುತ್ತಾ ತಿರುಗಿಸಿ ತೋರಿಸೋದು, ಇದೇ ತಾನೇ ನಿನ್ನ ಕೆಲಸ?” ಪಾರ್ಟ್ಸ್ ಮಾಮ ಗುಬ್ಬಿಯನ್ನು ಕೇಳಿದ. “ಹಾಗಾದ್ರೆ ಪ್ರೊಸೆಸರು ಮಧ್ಯಮದ್ದು ಸಾಕು. ಮೆಮೊರಿ ಜಾಸ್ತಿ ಇರಲಿ. ಚಿತ್ರ ಮೂಡಿಸೋ ಗ್ರಾಫಿಕ್ಸ್ ಕಾರ್ಡಲ್ಲಿ ಕೈ ಬಿಗಿ ಮಾಡಬೇಡ. ಬಿಗಿ ಮಾಡೋದಾದ್ರೆ ಈ ಲೈಟು, ಗಾಜು, ಥಳಕು, ಇದರಲ್ಲಿ ಮಾಡು.”

“ಮಾಮ, ಗಾಜಿನ ಕ್ಯಾಬಿನೆಟ್ ಬೇಕೇ ಬೇಕು. ಒಳಗೆ ಏನು ನಡೀತಿದೆ ಅಂತ ಕಾಣಬೇಕು.”

“ಒಳಗೆ ಧೂಳು ಕೂರೋದು ಕಾಣತ್ತೆ, ಅಷ್ಟೇ.”

ಇನ್‌ಸ್ಪೆಕ್ಟರಮ್ಮನ ಅಣ್ಣ ಚೌಕಾಸಿಗೆ ಇಳಿದಿದ್ದ. ಬೀಗ ರಿಪೇರಿಯವನು, ಜೀವಮಾನವಿಡೀ ಗಿರಾಕಿಗಳಿಂದ ಚೌಕಾಸಿ ಮಾಡಿಸಿಕೊಂಡ ಸೇಡನ್ನೆಲ್ಲ ಇವತ್ತೇ ತೀರಿಸಿಕೊಳ್ಳುವವನಂತೆ ಕ್ಯಾಬಿನೆಟ್ಟಿಗೂ ಜಗ್ಗಿದ, ಕೀಬೋರ್ಡಿಗೂ ಜಗ್ಗಿದ. ಎಲ್ಲ ಭಾಗಕ್ಕೂ ಕರೆಂಟು ಹಂಚುವ ಪವರ್ ಸಪ್ಲೈ ಡಬ್ಬಿ, ಅಗ್ಗದ್ದೊಂದನ್ನು, ಪಾರ್ಟ್ಸ್ ಮಾಮ ಮುಂದೆ ತಳ್ಳಿದಾಗ ಅಣ್ಣ ಅದನ್ನು ಎತ್ತಿ ಅಂಗೈಯಲ್ಲಿ ತೂಗಿ ನೋಡಿದ. ಹಾಗೇ ವಾಪಸಿಟ್ಟ.

“ಇದು ಬೇಡ. ಆ ಮೇಲಿನ ಕಪಾಟಿಂದು ಕೊಡಿ.”

“ಯಜಮಾನ್ರೇ, ಅದರ ರೇಟು ಕೇಳದೇನೇ?”

“ಇದರಲ್ಲಿ ಚೌಕಾಸಿ ಇಲ್ಲ. ಬೇರೆ ಯಾವುದು ಕೆಟ್ಟರೂ ಅದೊಂದೇ ಕೆಡತ್ತೆ. ಇದು ಕೆಟ್ಟರೆ ಎಲ್ಲರನ್ನೂ ಎಳ್ಕೊಂಡು ಹೋಗತ್ತೆ.”

ಇನ್‌ಸ್ಪೆಕ್ಟರಮ್ಮ ತಿರುಗಿ ಅಣ್ಣನನ್ನು ನೋಡಿದಳು. ಫೋನಿನ ಗಂಟೆ ಜೋರು ಮಾಡಲೂ ಮಗಳನ್ನು ಕರೆಯುವ ಮನುಷ್ಯ. ಕಂಪ್ಯೂಟರ್ ಅಂದರೆ ಟಿವಿಗೆ ಟೈಪ್‌ರೈಟರ್ ಕಟ್ಟಿದ್ದು ಅಂದುಕೊಂಡವನು. ಇವನಿಗೆ ಇದನ್ನು ಹೇಳಿಕೊಟ್ಟವರು ಯಾರು?

ಆ ಪ್ರಶ್ನೆಯನ್ನು ಮನಸ್ಸಿನ ಒಂದು ಮೂಲೆಗೆ ಇಟ್ಟಳು. ಅಷ್ಟರಲ್ಲಿ ಪಾರ್ಟ್ಸ್ ಮಾಮ ಒಳಗಿನಿಂದ ಬಳಸಿದ ಗ್ರಾಫಿಕ್ಸ್ ಕಾರ್ಡುಗಳನ್ನು ತಂದು ರಬ್ಬರ್ ಹಾಸಿನ ಮೇಲೆ ಸಾಲಾಗಿ ಇಟ್ಟ.

“ಹೊಸದರ ಅರ್ಧಕ್ಕೆ ಬರತ್ತೆ. ನೋಡು ಮಗಳೇ, ಎರಡು ಫ್ಯಾನಿಂದು. ಹಿಂದುಗಡೆ ಲೋಹದ ತಗಡು. ಗಟ್ಟಿ ಜೀವ.”

ತಗಡು ಕಾಣಲೆಂದು ಅದನ್ನು ಮಗುಚಿ ಹಾಕಿದ.

ನಾಲ್ಕು ಮೂಲೆಗೆ ನಾಲ್ಕು ತಿರುಪು. ಮೂರು ಕಪ್ಪು. ನಾಲ್ಕನೆಯದು ಹಿತ್ತಾಳೆ.

ಇನ್‌ಸ್ಪೆಕ್ಟರಮ್ಮ ಮುಂದಕ್ಕೆ ಬಗ್ಗಿದಳು.

ಬಿಚ್ಚಣ್ಣ ಮೊದಲ ಸಲ ಕಂಪ್ಯೂಟರ್ ಜೋಡಿಸಿದ ದಿನ ಈ ಕಾರ್ಡಿನ ಒಂದು ತಿರುಪು ಕಳೆದುಹೋಗಿತ್ತು. ಹಾಸಿಗೆ, ಚಾಪೆ, ಪಾತ್ರೆ ಎಲ್ಲ ಕೊಡವಿ ನೋಡಿದರೂ ಸಿಗಲಿಲ್ಲ. ಹುಡುಗನ ಮುಖ ಬಾಡಿದ್ದನ್ನು ನೋಡಲಾರದೆ ಅವಳು ತನ್ನ ಹಳೆಯ ಸಮವಸ್ತ್ರದ ನಾಮಫಲಕದ ಹಿಂದಿದ್ದ ಪುಟ್ಟ ತಿರುಪು ಬಿಚ್ಚಿಕೊಟ್ಟಿದ್ದಳು. ಅದು ಉದ್ದವಾಯಿತು. ಅಣ್ಣ ಅಂಗಡಿಗೆ ಒಯ್ದು ಅರ ಹಾಕಿ ತಂದ. ಅರ ಜಾರಿ ತಲೆಯ ಮೇಲೊಂದು ಓರೆ ಗೀಟು ಬಿದ್ದಿತ್ತು. “ಅತ್ತೆ, ಇನ್ನು ನನ್ನ ಕಾರ್ಡಿಗೆ ಪೊಲೀಸ್ ಕಾವಲು” ಅಂದಿದ್ದ ಬಿಚ್ಚಣ್ಣ.

ಆ ಓರೆ ಗೀಟು ಈಗ ಅವಳ ಕಣ್ಣೆದುರಿಗಿತ್ತು.

ಅವನು ಹೋದ ಮೇಲೆ ಎರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದ್ದಳು. ಹಳೇ ಸಾಮಾನಿನ ಅಂಗಡಿ ಕಂಡಲ್ಲೆಲ್ಲ ಒಳಗೆ ಹೋಗಿ ಕಾರ್ಡುಗಳನ್ನು ಮಗುಚಿ ನೋಡುತ್ತಿದ್ದಳು, ಈ ಅಂಗಡಿಗೂ ಬಂದಿದ್ದಳು. ಹುಡುಕುವುದನ್ನು ಬಿಟ್ಟ ಮೇಲೆ ಅದು ತಾನಾಗಿ ಬಂದು ಮುಂದೆ ಬಿದ್ದಿತ್ತು.

ಕೂಗಬೇಕೆನಿಸಿತು. ಆದರೆ ಅದಕ್ಕೆ ಮೊದಲೇ ಒಂದು ಕೈ ಚಾಚಿ ಬಂತು. ಅಣ್ಣನ ಕೈ. ಬೀಗದೆಣ್ಣೆ ಹಿಡಿದ ಆ ಬೆರಳುಗಳು ಕಾರ್ಡನ್ನು ಮತ್ತೆ ಮಗುಚಿ, ತಗಡಿನ ಬದಿಯನ್ನು ಕೆಳಗೆ ಮಾಡಿ, ಆಚೆಗೆ ಸರಿಸಿದವು.

“ಹಳೇದು ಬೇಡ,” ಅಂದ ಅಣ್ಣ. ದನಿ ಒಣಗಿತ್ತು. “ಮಗು ಓದೋಕೆ ತಗೋತಿರೋದು. ಹೊಸದೇ ಇರಲಿ.”

ಅವನೂ ನೋಡಿದ್ದ. ತಾನೇ ಅರ ಹಾಕಿದ ತಿರುಪನ್ನು ಅವನು ಗುರುತಿಸದೆ ಇರುವುದುಂಟೆ? ನೋಡಿಯೂ ಬಾಯಿ ಬಿಡಲಿಲ್ಲ.

ನೋಡಿದ್ದನ್ನು ಮುಖದಲ್ಲಿ ತೋರಿಸದಿರುವ ವಿದ್ಯೆಯನ್ನು ಇನ್‌ಸ್ಪೆಕ್ಟರಮ್ಮ ಸಾಕಷ್ಟು ಕಲಿತಿದ್ದಳು. ಆ ವಿದ್ಯೆಯನ್ನು ಅಣ್ಣನ ಮೇಲೆ ಪ್ರಯೋಗಿಸಬೇಕಾದೀತು ಅಂತ ಕನಸಿನಲ್ಲೂ ಎಣಿಸಿರಲಿಲ್ಲ.

“ಅಣ್ಣ ಹೇಳಿದ್ದೇ ಸರಿ,” ಅಂದಳು. “ನೀವಿಬ್ಬರೂ ಸಾಮಾನು ಗಾಡೀಲಿ ಹಾಕ್ಕೊಂಡು ಹೊರಡಿ. ನಾನು ಔಷಧಿ ಅಂಗಡಿಗೆ ಹೋಗಿ ಬರ್ತೀನಿ.”

ಗುಬ್ಬಿ ಮದರ್‌ಬೋರ್ಡಿನ ಡಬ್ಬಿಯನ್ನು ಯಾರ ಕೈಗೂ ಕೊಡದೆ ಎಳೆಮಗುವಿನ ಹಾಗೆ ಎದೆಗೆ ಅವುಚಿಕೊಂಡು ಗಾಡಿ ಹತ್ತಿದಳು.

*

ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಇನ್‌ಸ್ಪೆಕ್ಟರಮ್ಮ ಒಳಗೆ ಬಂದಳು.

“ಆ ಎರಡು ಫ್ಯಾನಿನ ಕಾರ್ಡು ನನಗೆ ಬೇಕು.”

ಪಾರ್ಟ್ಸ್ ಮಾಮ ಕನ್ನಡಕ ಹಣೆಗೇರಿಸಿದ. “ಈಗ ತಾನೇ ಬೇಡ ಅಂದ್ರಿ?”

“ಬೇಡ ಅಂದಿದ್ದು ನಮ್ಮಣ್ಣ. ಇದನ್ನ ನಿಮಗೆ ಮಾರಿದ್ದು ಯಾರು?”

ಕೇಳಿದ ರೀತಿಗೆ ಅವನ ನಗು ಮಾಯವಾಯಿತು. “ಮೇಡಂ, ನಾನು ಕದ್ದ ಮಾಲು ಮುಟ್ಟೋನಲ್ಲ.”

“ನಾನು ಹಾಗಂದ್ನಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಕೋತೀರ? ಯಾರು ತಂದುಕೊಟ್ರು ಹೇಳಿ ಸಾಕು.”

“ಒಬ್ಬ ಹೆಂಗಸು. ಹೋದ ವಾರ. ಹೆಚ್ಚು ಕಮ್ಮಿ ನಿಮ್ಮ ವಯಸ್ಸು. ಮರ್ಯಾದಸ್ಥರ ಮನೆಯವರ ಹಾಗಿದ್ರು, ಮಾತು ಕಡಿಮೆ. ಕೊಟ್ಟಷ್ಟು ತಗೊಂಡು ಹೊರಟ್ರು. ಚೌಕಾಸಿ ಮಾಡದೆ ಇರೋ ಗಿರಾಕಿ ನೆನಪಲ್ಲಿ ಉಳಿದೇ ಉಳೀತಾರೆ.”

“ಏನಾದ್ರೂ ಹೇಳಿದ್ರಾ?”

“ಇಷ್ಟು ಒಳ್ಳೇ ಕಾರ್ಡು ಯಾಕೆ ಮಾರ್ತೀರಿ ಅಂತ ನಾನೇ ಕೇಳ್ದೆ. ‘ನಮ್ಮ ಅಳಿಯಂದು. ಅವನಿಗೆ ಇನ್ನು ಇದರ ಕೆಲಸ ಇಲ್ಲ’ ಅಂದ್ರು.”

ಅಳಿಯ. ಅಣ್ಣನ ಮಗನನ್ನು ಅವಳು ಕರೆಯುತ್ತಿದ್ದದ್ದೂ ಹಾಗೇ. ಬೆಳಗ್ಗೆ ಎಬ್ಬಿಸುವಾಗ ‘ಅಳಿಯ ದೇವರು ಕಣ್ಣು ಬಿಡಬೇಕು’ ಅನ್ನುತ್ತಿದ್ದಳು. ಆ ಹುಡುಗನನ್ನು ಅಳಿಯ ಅನ್ನುವ ಹಕ್ಕು ಇದ್ದದ್ದು ತನಗೊಬ್ಬಳಿಗೆ. ಯಾರಿವಳು, ತನ್ನ ಬಾಯಿಯ ಮಾತನ್ನು ಕದ್ದುಕೊಂಡು ತಿರುಗುತ್ತಿರುವವಳು? ಅವನಿಗೆ ಇದರ ಕೆಲಸ ಇಲ್ಲ ಅಂದರೆ ಏನರ್ಥ?

“ಮೇಡಂ, ಕೂತ್ಕೊಳ್ಳಿ. ನೀರು ಕೊಡ್ಲಾ?”

“ಬೇಡ. ಇದನ್ನ ಬಳಸದೆ ಎಷ್ಟು ದಿನ ಆಗಿರಬಹುದು?”

ಪಾರ್ಟ್ಸ್ ಮಾಮ ಕಾರ್ಡನ್ನು ಬೆಳಕಿಗೆ ಹಿಡಿದು ಫ್ಯಾನನ್ನು ಬೆರಳಲ್ಲಿ ತಿರುಗಿಸಿದ. ಸದ್ದಿಲ್ಲದೆ ತಿರುಗಿತು.

“ತೀರಾ ಇತ್ತೀಚಿನವರೆಗೂ ಓಡಿದೆ. ಫ್ಯಾನಿಗೆ ಎಣ್ಣೆ ಬಿಟ್ಟಿದಾನೆ, ರೆಕ್ಕೆ ರೆಕ್ಕೆ ಒರೆಸಿದಾನೆ. ಇಷ್ಟು ಅಕ್ಕರೆಯಿಂದ ಇಟ್ಕೊಂಡವನು ತಾನಾಗಿ ಮಾರೋದಿಲ್ಲ ಮೇಡಂ.”

ಕಾರ್ಡನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡು ಹೊರಗೆ ಬಂದಳು. ಬಸ್ ನಿಲ್ದಾಣದ ಕಲ್ಲುಬೆಂಚು ಖಾಲಿಯಿತ್ತು. ಕೂತಳು.

ಬದುಕಿದ್ದಾನೆ. ತೀರಾ ಇತ್ತೀಚಿನವರೆಗಾದರೂ ಬದುಕಿದ್ದ. ಫ್ಯಾನಿನ ರೆಕ್ಕೆ ಒರೆಸುವಾಗ ನಾಲಿಗೆ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡಿದ್ದನೋ ಏನೋ, ಮೊದಲಿನ ಹಾಗೆ.

ಚೀಲದೊಳಗೆ ಕೈ ಹಾಕಿ ಬಟ್ಟೆಯ ಮೇಲಿನಿಂದಲೇ ಆ ತಿರುಪನ್ನು ಬೆರಳಲ್ಲಿ ಹುಡುಕಿದಳು. ಎಷ್ಟು ಸಲ ಅವನ ಹೆಬ್ಬೆರಳು ಇಲ್ಲಿ ತಾಕಿರಬಹುದು? ಒಂದು ಬಸ್ಸು ಬಂದು ನಿಂತು, ಜನ ಇಳಿದು, ಜನ ಹತ್ತಿ, ಹೊರಟು ಹೋಯಿತು. ಈ ನಾಲ್ಕು ವರ್ಷದಲ್ಲಿ ಅವಳು ನೋಡಿದ ಪ್ರತಿ ಬಸ್ಸಿನಲ್ಲೂ ಅವನು ಇಳಿದಿದ್ದ. ಹತ್ತಿರ ಬಂದಾಗ ಬೇರೆ ಯಾರೋ ಆಗಿಬಿಡುತ್ತಿದ್ದ.

ಆಮೇಲೆ ನಿಧಾನವಾಗಿ ಅಣ್ಣನ ಮಾತು ಆ ಮೂಲೆಯಿಂದ ಎದ್ದು ಬಂತು. *ಇದು ಕೆಟ್ಟರೆ ಎಲ್ಲರನ್ನೂ ಎಳ್ಕೊಂಡು ಹೋಗತ್ತೆ.*

ಪವರ್ ಸಪ್ಲೈ. ಅದರ ಗುಟ್ಟನ್ನು ಅಣ್ಣನಿಗೆ ಕಲಿಸಬಲ್ಲವನು ಒಬ್ಬನೇ.

ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಮ್ಮನಲ್ಲ. ಬೆಂಚಿನಿಂದ ಎದ್ದವಳು ಮನೆಯ ಕಡೆ ಹೋಗಲಿಲ್ಲ. ಅಣ್ಣನ ಅಂಗಡಿಯ ದಾರಿ ಹಿಡಿದಳು.

*

ಅಂಗಡಿಯ ಷಟರ್ ಅರ್ಧ ಇಳಿದಿತ್ತು. ಸಂಜೆಯ ಬಿಸಿಲು ಅದರ ಕೆಳಗಿನಿಂದ ನುಸುಳಿ ನೆಲದ ಮೇಲೆ ಪಟ್ಟಿಯಾಗಿ ಬಿದ್ದಿತ್ತು. ಗೋಡೆಯ ತುಂಬ ಬೀಗದ ಕೈಗಳು. ಸಾಮಾನನ್ನೂ ಮಗಳನ್ನೂ ಮನೆಗೆ ಬಿಟ್ಟು ಅಣ್ಣ ಇಲ್ಲಿಗೆ ಬಂದಿದ್ದ. ಇಕ್ಕಳಕ್ಕೆ ಒಂದು ಕೀಲಿ ಸಿಕ್ಕಿಸಿಕೊಂಡು ಅರ ಹಾಕುತ್ತಿದ್ದ.

ಬಗ್ಗಿ ಒಳಗೆ ಬಂದ ಇನ್‌ಸ್ಪೆಕ್ಟರಮ್ಮ ಸುತ್ತಿದ್ದ ಹತ್ತಿಬಟ್ಟೆ ಬಿಡಿಸಿ ಕಾರ್ಡನ್ನು ಅವನ ಮುಂದಿನ ಮಣೆಯ ಮೇಲೆ ಇಟ್ಟಳು. ಹಿತ್ತಾಳೆ ಮೇಲಕ್ಕಿತ್ತು.

“ಈ ತಿರುಪಿಗೆ ಅರ ಹಾಕಿದ್ದು ಯಾರು ಅಣ್ಣ?”

ಅರ ನಿಂತಿತು. “ನಾನೇ.”

“ಅಂಗಡೀಲಿ ನೋಡ್ದೆ ಅಲ್ವಾ?”

“ನೋಡ್ದೆ.”

“ಕಾಣೆಯಾದ ಮಗನ ಸಾಮಾನು ಕಣ್ಣ ಮುಂದೆ ಬಂದ್ರೆ ಹೆತ್ತವನು ಕೂಗ್ತಾನೆ. ಅಂಗಡಿಯವನ ಕೊರಳಪಟ್ಟಿ ಹಿಡೀತಾನೆ. ನೀನು ‘ಹಳೇದು ಬೇಡ’ ಅಂದೆ.”

ಅಣ್ಣ ಅರವನ್ನು ಕೆಳಗಿಟ್ಟ.

“ಅವನು ಎಲ್ಲಿದ್ದ ಅಂತ ನಿನಗೆ ಗೊತ್ತಿತ್ತು.”

ಇಷ್ಟು ವರ್ಷದ ಕೆಲಸದಲ್ಲಿ ಅವಳು ಎಷ್ಟೋ ಜನರ ಎದುರು ಹೀಗೆ ನಿಂತಿದ್ದಳು. ‘ಇಲ್ಲ’ ಅಂತಲೇ ಎಲ್ಲರೂ ಶುರು ಮಾಡುವುದು. ಅಣ್ಣನೂ ಹಾಗಂದುಬಿಡಲಿ ಅಂತ ಒಳಗೆ ಬೇಡಿಕೊಂಡಳು.

“ಗೊತ್ತಿತ್ತು,” ಅಂದ ಅಣ್ಣ.

“ಯಾವಾಗಿಂದ?”

“ಹೋದ ದಿನದಿಂದ. ನಾನೇ ಬಸ್ಸು ಹತ್ತಿಸಿದ್ದು.”

ಇನ್‌ಸ್ಪೆಕ್ಟರಮ್ಮ ಗೋಡೆಗೆ ಒರಗಿದಳು. ಬೀಗದ ಕೈಗಳು ಬೆನ್ನ ಹಿಂದೆ ಒಂದಕ್ಕೊಂದು ತಾಗಿ ಗಿಲಿಗಿಲಿ ಅಂದವು.

“ಶವಾಗಾರದಿಂದ ಶವಾಗಾರಕ್ಕೆ ಅಲೆದೆ ಅಣ್ಣ. ಅವನ ವಯಸ್ಸಿನ ಹುಡುಗ ಅಂತ ಯಾರು ಫೋನ್ ಮಾಡಿದ್ರೂ ಹೋದೆ. ಎಷ್ಟು ಮುಖದ ಮೇಲಿನ ಬಟ್ಟೆ ಎತ್ತಿ ನೋಡಿದೀನಿ ಗೊತ್ತಾ ನಿನಗೆ? ಮನೆಗೆ ಬಂದ್ರೆ ನೀನು ಸ್ನಾನಕ್ಕೆ ಬಿಸಿನೀರು ಕಾಯಿಸಿಟ್ಟಿರ್ತಿದ್ದೆ.”

“ಬೇರೇನು ಮಾಡೋಕಾಗ್ತಿತ್ತು ನನ್ನ ಕೈಲಿ?”

“ಒಂದು ಮಾತು. ‘ಬದುಕಿದಾನೆ ಪುಟ್ಟಿ’ ಅಂತ ಒಂದೇ ಒಂದು ಮಾತು.”

ಅಣ್ಣ ಮುಖ ಎತ್ತಿದ. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಿತ್ತು. “ಹೇಳಿದ್ರೆ ನೀನು ಸುಮ್ಮನಿರ್ತಿದ್ದೆಯಾ? ಹಾಸ್ಟೆಲ್‌ನ ಓದೋ ಕೋಣೆಯ ಕೇಸು ಯಾರ ಕೈಲಿತ್ತು?”

ಅವಳ ಕೈಯಲ್ಲೇ ಇತ್ತು. ಕಾಲೇಜು ಹಾಸ್ಟೆಲ್ಲಿನ ಓದುವ ಕೋಣೆಯಲ್ಲಿ ಒಂದು ಕಂಪ್ಯೂಟರಿನ ಪವರ್ ಸಪ್ಲೈನಿಂದ ಹತ್ತಿದ ಬೆಂಕಿ. ಒಳಗೆ ಸಿಕ್ಕಿಕೊಂಡ ಹುಡುಗರನ್ನೆಲ್ಲ ಹೊರಗೆ ತಳ್ಳಿ ವಾರ್ಡನ್ ತಾನು ಉಳಿದುಬಿಟ್ಟಿದ್ದ. ಹೆಂಡತಿ, ಒಬ್ಬ ಮಗಳು. ಆ ಹೆಂಡತಿ ಠಾಣೆಗೆ ಬಂದು ಬೆಂಚಿನ ಮೇಲೆ ಕೂತು, ಅಳದೆ, ಒಂದೇ ಪ್ರಶ್ನೆ ಕೇಳುತ್ತಿದ್ದಳು: ‘ಅದನ್ನ ಜೋಡಿಸಿದವನು ಸಿಕ್ಕಿದನಾ?’ ಯಾರೋ ವಿದ್ಯಾರ್ಥಿ ಜೋಡಿಸಿಕೊಟ್ಟದ್ದು ಅನ್ನುವುದಷ್ಟೇ ಗೊತ್ತಾಗಿತ್ತು. ಯಾರೆಂದು ವಾರ್ಡನ್‌ಗೆ ಮಾತ್ರ ಗೊತ್ತಿತ್ತು.

“ಊಟಕ್ಕೆ ಕೂತಾಗ ನೀನು ಅಂದೆ,” ಅಣ್ಣ ಹೇಳಿದ. “‘ದುಡ್ಡುಳಿಸೋಕೆ ಅಂಥ ಕಸ ಹಾಕಿ ಜೋಡಿಸಿದಾನಲ್ಲ, ಅವನು ನನ್ನ ಕೈಗೆ ಸಿಗಲಿ, ಯಾರ ಮಗ ಆದ್ರೂ ಬಿಡಲ್ಲ’ ಅಂತ. ಎದುರಿಗೆ ಕೂತಿದ್ದ ಅವನು. ತುತ್ತು ಕೈಯಲ್ಲೇ ಉಳೀತು. ನಿನಗೆ ಹೇಳ್ತೀನಿ ಅಂತ ನಿನ್ನ ಕೋಣೆ ಬಾಗಿಲ ತನಕ ಬಂದ, ವಾಪಸ್ ಹೋದ, ಮತ್ತೆ ಬಂದ. ಕೊನೆಗೆ ನನ್ನ ಹತ್ರ ಹೇಳ್ದ. ಈಗ ನಿಜ ಹೇಳು ಪುಟ್ಟಿ. ಬಿಡ್ತಿದ್ದೆಯಾ ಅವನನ್ನ?”

ಸುಳ್ಳು ಹೇಳುವುದು ಸುಲಭವಿತ್ತು.

“ಇಲ್ಲ,” ಅಂದಳು. “ಬಿಡ್ತಿರಲಿಲ್ಲ.”

“ಅದಕ್ಕೇ.”

ಹೊರಗೆ ಸೈಕಲ್ಲೊಂದು ಗಂಟೆ ಬಾರಿಸುತ್ತಾ ಹಾದುಹೋಯಿತು, ಯಾರೋ ನಕ್ಕರು.

“ಆದ್ರೆ ಅವನು ಕಸ ಹಾಕಿರಲಿಲ್ಲ,” ಅಣ್ಣ ಮತ್ತೆ ಶುರು ಮಾಡಿದ. “ತಿಂಗಳಿಗೊಮ್ಮೆ ಹೋಗ್ತಿದ್ದೆ, ಲಾಕರ್ ಕೆಲಸ ಅಂತ ನಿಮಗೆ ಹೇಳಿ. ಹೋದಾಗೆಲ್ಲ ಅದೊಂದೇ ಮಾತು ಅವನದ್ದು. ‘ಅಪ್ಪಾ, ನಾನು ಹಾಕಿದ್ದು ಭಾರದ್ದು, ಒಳ್ಳೇದು. ಕೈಯಲ್ಲಿ ಹಿಡಿದರೇ ಗೊತ್ತಾಗತ್ತೆ’ ಅಂತ. ಯಾವುದು ಒಳ್ಳೇದು, ಯಾವುದು ಬೂಸಾ, ಎಲ್ಲ ಬಿಚ್ಚಿ ತೋರಿಸಿದಾನೆ ನನಗೆ. ಕಿವಿ ತೂತು ಬೀಳೋ ಹಾಗೆ ಹೇಳಿದಾನೆ.”

ಇನ್‌ಸ್ಪೆಕ್ಟರಮ್ಮನ ಅಂಗೈಗೆ ತಟ್ಟನೆ ಒಂದು ತೂಕ ನೆನಪಾಯಿತು. ಬೂದಿಯ ನಡುವಿನಿಂದ ಅವಳೇ ಎತ್ತಿದ್ದಳು ಆ ಸುಟ್ಟ ಡಬ್ಬಿಯನ್ನು. ಖಾಲಿ ತಗಡಿನಷ್ಟು ಹಗುರ.

“ಅಣ್ಣ, ಅಲ್ಲಿ ಸಿಕ್ಕಿದ್ದು ಹಗುರದ್ದು.”

“ಹಾಗಂದ್ರೆ?”

“ಇವನು ಜೋಡಿಸಿಕೊಟ್ಟ ಮೇಲೆ ಯಾರೋ ಬದಲಾಯಿಸಿದಾರೆ. ಒಳ್ಳೇದನ್ನ ತೆಗೆದು, ಮಾರ್ಕೊಂಡು, ಕಸ ಹಾಕಿದಾರೆ.” ಅವಳ ದನಿ ಒಡೆಯಿತು. “ಭಾರದ್ದು ಹಾಕಿದ್ದೆ ಅಂತ ಅವನು ನನಗೊಂದು ಮಾತು ಹೇಳಿದ್ರೆ ಸಾಕಿತ್ತು ಅಣ್ಣ. ಅವನನ್ನ ಬಿಡೋದೇನು, ಹಿಡಿಯೋ ಪ್ರಶ್ನೆಯೇ ಬರ್ತಿರಲಿಲ್ಲ. ನಾಲ್ಕು ವರ್ಷ! ಒಂದು ಬಾಗಿಲಿನ ಆಚೆ ಈಚೆ ನಿಂತು ಕಳ್ಕೊಂಡ್ವಲ್ಲ.”

ಅಣ್ಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವನ ಹೆಗಲ ಮೇಲೆ ಕೈಯಿಟ್ಟಳು. ಸಿಟ್ಟು ಎಲ್ಲಿಗೆ ಹೋಯಿತೋ. ಮನಸ್ಸೆಲ್ಲ ಒಂದೇ ಕಡೆಗೆ ಓಡುತ್ತಿತ್ತು. ಅವನ ಮುಖ ನೋಡಬೇಕು. ಗಡ್ಡ ಬಿಟ್ಟಿದ್ದಾನೋ ಏನೋ. ಕೆನ್ನೆಗೆ ಎರಡು ಬಾರಿಸಿ, ಆಮೇಲೆ ತಲೆ ನೇವರಿಸಬೇಕು.

“ಏಳು. ಎಲ್ಲಿದಾನೆ ಹೇಳು. ಈಗಲೇ ಹೋಗೋಣ. ಗುಬ್ಬಿ ಕಂಪ್ಯೂಟರನ್ನ ಅವನೇ ಜೋಡಿಸಲಿ.”

ಅಣ್ಣ ಕೈ ತೆಗೆದು ಅವಳನ್ನೇ ನೋಡಿದ. ಆ ನೋಟ ಅವಳಿಗೆ ಅರ್ಥವಾಗಲಿಲ್ಲ.

“ನಾಟಕ ಸಾಕು ಪುಟ್ಟಿ,” ಅಂದ ಮೆಲ್ಲಗೆ. “ನಾನು ಎಲ್ಲ ಒಪ್ಕೊಂಡೆನಲ್ಲ. ನೀನೂ ಹೇಳಿಬಿಡು.”

“ಏನು ಹೇಳ್ಬೇಕು?”

“ನನ್ನ ಮಗನ್ನ ಎಲ್ಲಿಟ್ಟಿದೀಯ?”

ಇನ್‌ಸ್ಪೆಕ್ಟರಮ್ಮ ಅವನ ಹೆಗಲಿನಿಂದ ಕೈ ತೆಗೆದಳು.

“ಮೂರು ತಿಂಗಳ ಹಿಂದೆ ಹೋದಾಗ ಅವನು ಕಂಪ್ಯೂಟರ್ ರಿಪೇರಿ ಮಾಡ್ತಿದ್ದ ಆ ಮಹಡಿ ರೂಮು ಖಾಲಿ,” ಅಣ್ಣ ಹೇಳಿದ. “ಮನೆ ಯಜಮಾನಿ ಅಂದ್ಲು, ‘ಅವರತ್ತೆ ಬಂದು ಕರ್ಕೊಂಡು ಹೋದ್ರಲ್ಲ’ ಅಂತ. ನಿಂತ ಕಾಲಲ್ಲೇ ವಾಪಸ್ ಬಂದೆ. ಅಂತೂ ನಿನ್ನ ಕೈಗೆ ಸಿಕ್ಕಿದಾನೆ ಅಂದ್ಕೊಂಡೆ. ಹೆದರಿಕೇನೂ ಆಯ್ತು, ಸುಳ್ಳು ಯಾಕೆ, ಒಳಗೊಳಗೆ ನೆಮ್ಮದೀನೂ ಆಯ್ತು. ನಾನಾಗಿ ಕೇಳೋ ಹಾಗಿಲ್ಲ. ಕರ್ಕೊಂಡು ಹೋದವಳು ನೀನಲ್ಲದೆ ಹೋದ್ರೆ, ಕೇಳಿ ನಾನೇ ಅವನನ್ನ ಬಿಟ್ಟುಕೊಟ್ಟ ಹಾಗಾಗತ್ತೆ. ಇವತ್ತು ಹೇಳ್ತೀಯ, ನಾಳೆ ಹೇಳ್ತೀಯ ಅಂತ ದಿನಾ ನಿನ್ನ ಮುಖ ನೋಡ್ತಿದ್ದೆ. ಅಂಗಡೀಲಿ ಆ ಕಾರ್ಡು ಕಂಡಾಗ, ನನ್ನ ಬಾಯಿ ಬಿಡಿಸೋಕೆ ನೀನೇ ಅಲ್ಲಿಡಿಸಿದೀಯ ಅಂದ್ಕೊಂಡೆ.”

“ಅಣ್ಣ.” ಅವಳು ಅವನ ಎರಡೂ ಭುಜ ಹಿಡಿದಳು. “ಅವನು ಮನೆ ಬಿಟ್ಟ ಮೇಲೆ ನಾನು ಅವನ ಮುಖ ನೋಡಿಲ್ಲ. ನಮ್ಮಮ್ಮನ ಆಣೆ.”

ಅಣ್ಣನ ಮುಖದ ಬಣ್ಣ ಇಳಿಯಿತು. ನಾಲ್ಕು ವರ್ಷ ಮಗನನ್ನು ಬಚ್ಚಿಟ್ಟ ಮನುಷ್ಯ, ಮಗ ಕಾಣೆಯಾಗಿದ್ದಾನೆ ಅನ್ನುವುದನ್ನು ಆ ಗಳಿಗೆಯಲ್ಲಿ ಮೊದಲ ಸಲ ತಿಳಿದುಕೊಂಡ.

“ಹಾಗಾದ್ರೆ ಯಾವ ಅತ್ತೆ? ನನಗಿರೋ ತಂಗಿ ನೀನೊಬ್ಬಳೇ.”

“ಆ ಯಜಮಾನಿ ನಂಬರಿದೆಯಾ?”

ಇತ್ತು. ಮಗನ ಜೊತೆ ಮಾತಾಡಲು ಅವನು ಅಲ್ಲಿಗೇ ಫೋನು ಮಾಡುತ್ತಿದ್ದದ್ದು, ಅಪ್ಪನೆಂದು ಹೇಳದೆ, ಪರಿಚಯದವನೆಂದು. ಇನ್‌ಸ್ಪೆಕ್ಟರಮ್ಮ ನಂಬರ್ ಒತ್ತಿ, ಅಣ್ಣನಿಗೂ ಕೇಳಲೆಂದು ಸ್ಪೀಕರ್ ಹಾಕಿದಳು. ಅತ್ತ ಕಡೆ ಪಾತ್ರೆ ತೊಳೆಯುವ ಸದ್ದು, ಆಮೇಲೆ ಉತ್ಸಾಹದ ಹೆಣ್ಣುದನಿ.

“ನಿಮ್ಮ ಮೇಲಿನ ರೂಮಲ್ಲಿ ಕಂಪ್ಯೂಟರ್ ರಿಪೇರಿ ಹುಡುಗ ಇದ್ದನಲ್ಲ, ನಾನು ಅವನ ಅತ್ತೆ ಮಾತಾಡೋದು.”

“ಅಯ್ಯೋ, ಅವರ ದನಿ ಹೀಗಿರಲಿಲ್ಲವಲ್ಲ?”

“ನಾನು ಅವರಪ್ಪನ ತಂಗಿ.”

“ಓ, ಆ ಅತ್ತೆನಾ! ನಾನಂದಿದ್ದು ಹೆಣ್ಣು ಕೊಡೋ ಅತ್ತೆ. ಗೊತ್ತಿಲ್ವಾ ನಿಮಗೆ? ಮದುವೆ ಗೊತ್ತಾಗಿತ್ತಲ್ಲ! ಅಪ್ಪ ಅಮ್ಮ ಯಾರೂ ಇಲ್ಲ ಅಂತಿದ್ದ ಪಾಪ. ಹುಡುಗಿ ಲ್ಯಾಪ್‌ಟಾಪ್ ರಿಪೇರಿಗೆ ಅಂತ ಬರ್ತಾ ಬರ್ತಾ ಹತ್ತಿರ ಆದ್ಲು.”

ಅಣ್ಣ ಮಣೆಯ ಅಂಚು ಹಿಡಿದುಕೊಂಡ. ಮಗನಿಗೆ ಮದುವೆ. ಒಂದು ಗಳಿಗೆ ಅವನ ಮುಖದಲ್ಲಿ ಸಂತೋಷದಂಥದ್ದೇ ಏನೋ ಹಾದುಹೋಯಿತು.

“ಆ ಅತ್ತೆ ಹೇಗೆ? ಒಳ್ಳೇ ಜನಾನಾ?” ಇನ್‌ಸ್ಪೆಕ್ಟರಮ್ಮ ದನಿ ಅಲುಗದಂತೆ ಕೇಳಿದಳು.

“ಬಂಗಾರದಂಥ ಹೆಂಗಸು. ಕಷ್ಟ ಉಂಡವರು. ಗಂಡ ಯಾವುದೋ ಕಾಲೇಜು ಹಾಸ್ಟೆಲ್‌ನಲ್ಲಿ ವಾರ್ಡನ್ ಆಗಿದ್ರಂತೆ, ಬೆಂಕಿ ಅನಾಹುತದಲ್ಲಿ ತೀರಿಕೊಂಡ್ರಂತೆ. ಕರ್ಕೊಂಡು ಹೋಗೋ ದಿನ ಇವನ ತಲೆ ಸವರಿ, ಕಣ್ಣಲ್ಲಿ ನೀರು ತಂದ್ಕೊಂಡು ನನಗೆ ಏನಂದ್ರು ಗೊತ್ತಾ? ‘ನಾಲ್ಕು ವರ್ಷ ಹುಡುಕಿ ಹುಡುಕಿ ಸಿಕ್ಕಿದ ಅಳಿಯ ಕಣಮ್ಮ ಇವನು. ಇನ್ನು ಇವನನ್ನ ಎಲ್ಲಿಗೂ ಬಿಡೋದಿಲ್ಲ.’”